ಬೆಳೆ ಬಿತ್ತೋ, ಬೆಲೆ ಬಿತ್ತೋ

‘ಬ್ರೆಜಿಲ್‌ನಲ್ಲಿ ಕಾಫಿ ಬೆಳೆ ಕುಸಿತ’ ಎಂಬ ತಲೆಬರಹ ಕಂಡರೆ ಮೂಡಿಗೆರೆ, ಕಳಸದ ಕಡೆಯ ಸಣ್ಣ ಬೆಳೆಗಾರರು ಮನೆಯಲ್ಲಿಟ್ಟ ಚೆರಿ ಮೂಟೆಗಳನ್ನು ಇನ್ನೊಂದಿಷ್ಟು ದಿನ ಇಟ್ಟುಕೊಳ್ಳುತ್ತಾರೆ. ಅದೇ ತಲೆಬರಹ ‘ಬ್ರೆಜಿಲ್‌ನಲ್ಲಿ ಕಾಫಿ ಬೆಲೆ ಕುಸಿತ’ ಎಂದಿದ್ದರೆ ಅವತ್ತೇ ವ್ಯಾಪಾರಿಗೆ ಫೋನು ಹೋಗುತ್ತದೆ. ಅಲ್ಲಿ ಬೆಳೆ ಬಿದ್ದರೆ ಇಲ್ಲಿ ಬೆಲೆ ಏರುತ್ತದೆ. ಅಲ್ಲಿ ಬೆಲೆ ಬಿದ್ದರೆ ಇಲ್ಲಿಯೂ ಬೀಳುತ್ತದೆ. ಎರಡು ಸುದ್ದಿಗಳ ನಡುವೆ ಇರುವುದು ಒಂದೇ ಅಕ್ಷರ. ಅದು ತಪ್ಪಿದರೆ ಸುದ್ದಿಯೇ ತಲೆಕೆಳಗಾಗುತ್ತದೆ. ಮೇಲೆ ‘ಬೆಳೆ’, ಕೆಳಗಿನ ಸಾಲಿನಲ್ಲಿ ‘ಬೆಲೆ’ ಎಂದು ಅಚ್ಚಾದ ಸುದ್ದಿಯನ್ನು ಎರಡೆರಡು ಸಲ ಓದಿ, ಕೊನೆಗೆ ಪಕ್ಕದ ತೋಟದವರನ್ನು ಕೇಳಿ ತಿಳಿದುಕೊಂಡವರು ಈ ಗುಡ್ಡಗಳಲ್ಲಿ ಬೇಕಾದಷ್ಟು ಜನ ಇದ್ದಾರೆ.

2021ರ ಜುಲೈನಲ್ಲಿ ಬ್ರೆಜಿಲ್‌ನ ಮಿನಾಸ್ ಜೆರೈಸ್ ಪ್ರಾಂತ್ಯದ ಕಾಫಿ ತೋಟಗಳ ಮೇಲೆ ಹಿಮ ಬಿದ್ದು ಗಿಡಗಳು ಸುಟ್ಟುಹೋದವು. ಅರೇಬಿಕಾ ಬೆಲೆ ನ್ಯೂಯಾರ್ಕಿನಲ್ಲಿ ನಿಗದಿಯಾಗುತ್ತದೆ, ರೊಬಸ್ಟಾ ಬೆಲೆ ಲಂಡನ್ನಿನಲ್ಲಿ. ಇಂಥ ಸುದ್ದಿ ಅಲ್ಲಿಯ ಇಂಗ್ಲಿಷ್ ಸುದ್ದಿಸಂಸ್ಥೆಯಿಂದ ದೆಹಲಿ ಅಥವಾ ಮುಂಬೈಗೆ, ಅಲ್ಲಿಂದ ಬೆಂಗಳೂರಿಗೆ ಬಂದು, ರಾತ್ರಿ ಪಾಳಿಯ ಉಪಸಂಪಾದಕರ ಕೈಯಲ್ಲಿ ಕನ್ನಡವಾಗಿ, ಬೆಳಿಗ್ಗೆ ಬಸ್ಸಿನಲ್ಲಿ ಕೊಟ್ಟಿಗೆಹಾರ ತಲುಪುತ್ತದೆ. ಇಷ್ಟು ದೂರದ ದಾರಿಯಲ್ಲಿ ಯಾವ ಕೈ ತಪ್ಪಿದರೂ ಅದರ ಫಲ ಬೀಳುವುದು ದಾರಿಯ ತುದಿಯಲ್ಲಿರುವವರ ಮೇಲೆ. ಅವರಿಗೆ ಇಂಗ್ಲಿಷ್ ಮೂಲವನ್ನು ಹುಡುಕಿ ತಾಳೆ ನೋಡುವ ಸೌಕರ್ಯವಾಗಲೀ ಹೊತ್ತಾಗಲೀ ಇಲ್ಲ.

ಇಂಗ್ಲಿಷ್ ಲಿಪಿಯಲ್ಲಿ ಳಕಾರಕ್ಕೆ ಜಾಗ ಇಲ್ಲ. ಲಕ್ಕೂ ಳಕ್ಕೂ ಒಂದೇ ಅಕ್ಷರ ಸಾಕು ಎಂದು ಅದು ನಡೆದುಕೊಂಡು ಬಂದಿದೆ. ಬೇರೆ ಜಿಲ್ಲೆಗಳಿಗೆ ಇದು ಸಣ್ಣ ಮಾತಿರಬಹುದು. ನಮ್ಮ ಜಿಲ್ಲೆಯ ಬದುಕಿನ ಮುಖ್ಯ ಮಾತುಗಳೆಲ್ಲ ಳಕಾರದ ಮೇಲೆಯೇ ನಿಂತಿವೆ: ಮಳೆ, ಬೆಳೆ, ತಳಿ, ಹೊಳೆ, ಕೊಳೆರೋಗ, ಕಾಳುಮೆಣಸು. ಊರುಗಳೂ ಹಾಗೆಯೇ: ಕಳಸ, ಬಾಳೂರು, ಬಾಳೆಹೊನ್ನೂರು, ಜಾವಳಿ, ಕೊನೆಗೆ ಚಿಕ್ಕಮಗಳೂರು. ಇಂಗ್ಲಿಷಿನ ಮೂಲಕ ಹಾದು ಮತ್ತೆ ಕನ್ನಡಕ್ಕೆ ಬರುವಷ್ಟರಲ್ಲಿ ಕಳಸ ‘ಕಲಸ’ವಾಗುತ್ತದೆ, ಅದು ತಪ್ಪಿರಬೇಕು ಎಂದು ಅನುಮಾನಪಟ್ಟವರು ‘ಕಲಶ’ ಎಂದು ತಿದ್ದಿಬಿಡುತ್ತಾರೆ. ಬಾಳೆಹೊನ್ನೂರು ‘ಬಾಲೆಹೊನ್ನೂರು’, ಬಣಕಲ್ ‘ಬನಕಲ್’, ಗೋಣಿಬೀಡು ‘ಗೋನಿಬೀಡು’. ಮೂಡಿಗೆರೆಯ ಮೊದಲಕ್ಷರದ ದೀರ್ಘ, ಎರಡನೆಯದರ ಡಕಾರ ಎರಡೂ ಇಂಗ್ಲಿಷಿನಲ್ಲಿ ಕಾಣದೆ ಹೋಗುವುದರಿಂದ ‘ಮುದಿಗೆರೆ’ ಎಂದು ಬರೆಯಲು ಏನೂ ಅಡ್ಡಿಯಿಲ್ಲ.

ಜಾವಳಿಯ ಪಾಡು ಇನ್ನೂ ಕಷ್ಟದ್ದು. ಬಲ್ಲಾಳರಾಯನದುರ್ಗದ ತಪ್ಪಲಿನ ಈ ಊರಿನಲ್ಲಿ ಹೇಮಾವತಿ ಹುಟ್ಟುತ್ತದೆ. ಹಾಸನ ಜಿಲ್ಲೆಯ ಗೊರೂರಿನಲ್ಲಿ ಅಣೆಕಟ್ಟು ತುಂಬಿಸಿ, ಮುಂದೆ ಕಾವೇರಿಗೆ ಸೇರುವ ಹೊಳೆ ಅದು. ಕಾವೇರಿ ನೀರಿನ ವಿಚಾರ ಬಿಸಿಯಾದಾಗಲೆಲ್ಲ ಪತ್ರಿಕೆಗಳು ಉಪನದಿಗಳ ಪರಿಚಯ ಕೊಡುತ್ತವೆ. ಇಂಗ್ಲಿಷಿನಲ್ಲಿ ಬರೆದ ಊರಿನ ಹೆಸರನ್ನು ಕನ್ನಡದಲ್ಲಿ ಜಾವಳಿ, ಜವಳಿ, ಜಾವಲಿ, ಜವಲಿ ಎಂದು ನಾಲ್ಕು ರೀತಿ ಓದಬಹುದು. ಊರನ್ನು ಕಾಣದವರು ತಮಗೆ ಗೊತ್ತಿರುವ ಮಾತನ್ನೇ ಆರಿಸಿಕೊಳ್ಳುತ್ತಾರೆ. ಗೊತ್ತಿರುವುದು ಬಟ್ಟೆಯಂಗಡಿಯ ಜವಳಿ. ಹೇಮಾವತಿ ‘ಜವಳಿ’ಯಲ್ಲಿ ಹುಟ್ಟಿದ್ದನ್ನು ನಾನು ಅಚ್ಚಿನಲ್ಲಿ ಓದಿದ್ದೇನೆ. ಒಂದು ನದಿಯ ಹುಟ್ಟೂರಿನ ಹೆಸರು ಕನ್ನಡ ಪತ್ರಿಕೆಯಲ್ಲಿ, ಕನ್ನಡದ ನೆಲದಲ್ಲಿ, ಕನ್ನಡಿಗರ ಕೈಯಲ್ಲೇ ಹೀಗಾದರೆ ನನಗೆ ಸಹಿಸಲು ಆಗುವುದಿಲ್ಲ.

ಜಿಲ್ಲೆಯ ಹೆಸರಿಗೇ ಬರೋಣ. ಚಿಕ್ಕಮಗಳೂರು ಎಂದರೆ ಸಖರಾಯಪಟ್ಟಣದ ರುಕ್ಮಾಂಗದ ರಾಜ ಚಿಕ್ಕ ಮಗಳಿಗೆ ಬಳುವಳಿ ಕೊಟ್ಟ ಊರು ಎಂದು ಐತಿಹ್ಯ. ಪಕ್ಕದಲ್ಲೇ ದೊಡ್ಡ ಮಗಳ ಊರು ಹಿರೇಮಗಳೂರು ಇದೆ. ಆದರೂ ‘ಚಿಕ್ಕಮಂಗಳೂರು’ ಎಂದು ಒಂದು ಸೊನ್ನೆ ಸೇರಿಸಿ ಬರೆಯುವುದು ಇಂದಿಗೂ ನಿಂತಿಲ್ಲ. ಜಾಹೀರಾತು, ಬಸ್ಸಿನ ಬೋರ್ಡು, ಮದುವೆ ಕರೆಯೋಲೆಯಲ್ಲಿ ಇರುವುದು ಪತ್ರಿಕೆಯಲ್ಲೂ ನುಸುಳುತ್ತದೆ. 1978ರ ನವೆಂಬರ್‌ನಲ್ಲಿ ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಲೋಕಸಭಾ ಸ್ಥಾನಕ್ಕೆ ಇಂದಿರಾ ಗಾಂಧಿ ಸ್ಪರ್ಧಿಸಿ ವೀರೇಂದ್ರ ಪಾಟೀಲರ ಎದುರು ಗೆದ್ದಾಗ ದೇಶವಿದೇಶದ ಪತ್ರಿಕೆಗಳು ಈ ಹೆಸರನ್ನು ಬರೆಯಬೇಕಾಯಿತು. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಕಾಗುಣಿತ ಅಧಿಕೃತವಾಗಿ ಬದಲಾದಾಗ ಅದರಲ್ಲಿ ಚಿಕ್ಕಮಗಳೂರೂ ಸೇರಿತ್ತು. ನಮ್ಮ ಬಾಯಲ್ಲಿರುವ ಹಾಗೆ ಬರೆಯಿರಿ ಎಂದು ಇಂಗ್ಲಿಷ್ ಪತ್ರಿಕೆಗಳಿಗೆ ಸರ್ಕಾರ ಹೇಳಿತು, ಅವು ಒಪ್ಪಿಕೊಂಡವು. ಅಷ್ಟಾದರೂ ಲಕಾರ ಳಕಾರಗಳ ಪ್ರಶ್ನೆ ಹಾಗೆಯೇ ಉಳಿಯಿತು.

ಇವೆರಡನ್ನು ಬೇರೆಯಾಗಿ ತೋರಿಸುವುದು ಇಂಗ್ಲಿಷ್ ಲಿಪಿಯಲ್ಲಿ ಸಾಧ್ಯವೇ ಇಲ್ಲದ ಕೆಲಸವೇನಲ್ಲ. ಬಿ.ಎಲ್. ರೈಸ್ 1901ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೇ ಸಂಪುಟ ಅಂದಿನ ಕಡೂರು ಜಿಲ್ಲೆಯದು; ಕಡೂರು ಎಂದರೆ ಈಗಿನ ಚಿಕ್ಕಮಗಳೂರು ಜಿಲ್ಲೆ. ಶಾಸನಗಳನ್ನು ಕನ್ನಡ ಲಿಪಿಯಲ್ಲೂ ರೋಮನ್ ಲಿಪಿಯಲ್ಲೂ ಅಚ್ಚು ಹಾಕಿದ ಆ ಪುಸ್ತಕದಲ್ಲಿ ಳಕಾರ ಬಂದ ಕಡೆಯೆಲ್ಲ ಅಕ್ಷರದ ಕೆಳಗೆ ಒಂದು ಚುಕ್ಕಿ ಇದೆ. ಕೈಯಿಂದ ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ, ಒಂದೊಂದು ಚುಕ್ಕಿಯನ್ನೂ ಯಾರೋ ನೋಡಿ, ತಪ್ಪಿದ್ದರೆ ತಿದ್ದಿ, ಮತ್ತೆ ನೋಡಿದ್ದಾರೆ. ದಿನಪತ್ರಿಕೆಗೆ ಆ ಚುಕ್ಕಿ ಬೇಡ ಎಂಬುದನ್ನು ಒಪ್ಪೋಣ. ಆದರೆ ಚುಕ್ಕಿಯನ್ನು ಬಿಟ್ಟ ಮೇಲೆ ಅದರ ಜಾಗದಲ್ಲಿ ಗೊತ್ತಿರುವ ಮನುಷ್ಯನೊಬ್ಬ ಕೂತಿರಬೇಕಲ್ಲವೇ?

ಹಿಂದೆ ಅಂಥ ಮನುಷ್ಯ ಕೂತಿದ್ದ. ಪ್ರೂಫ್ ರೀಡರ್ ಎಂದು ಕರೆಯುತ್ತಿದ್ದರು, ಕರಡು ತಿದ್ದುವವರು ಎಂದೂ ಹೇಳುತ್ತಿದ್ದರು. ಮೊಳೆಯ ಕಾಲದಲ್ಲಿ ಕನ್ನಡಕ್ಕೆ ಒತ್ತಕ್ಷರ, ಗುಣಿತಗಳೆಲ್ಲ ಸೇರಿ ನೂರಾರು ಅಚ್ಚುಮೊಳೆ ಬೇಕಿತ್ತು. ಅಚ್ಚಾದ ಮೇಲೆ ಮೊಳೆಗಳನ್ನು ಬಿಡಿಸಿ ಮತ್ತೆ ಅವುಗಳ ಮನೆಗಳಿಗೆ ಹಾಕುವಾಗ ಒಂದು ಲಕಾರ ಳಕಾರದ ಮನೆಗೆ ಬಿದ್ದರೆ ಮರುದಿನ ಯಾವುದೋ ಊರಿನ ಹೆಸರು ಕೆಡುತ್ತಿತ್ತು. ಅದು ಎಲ್ಲರಿಗೂ ಗೊತ್ತಿದ್ದ ಅಪಾಯ. ಹಾಗಾಗಿಯೇ ಗ್ಯಾಲಿಯಿಂದ ಕರಡಚ್ಚು ತೆಗೆದು, ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದುತ್ತ, ಇನ್ನೊಬ್ಬರು ಕರಡಿನ ಮೇಲೆ ಕಣ್ಣಿಟ್ಟು ಅಂಚಿನಲ್ಲಿ ಗುರುತು ಹಾಕುವ ಕ್ರಮ ಇತ್ತು. ಅಲ್ಪವಿರಾಮವನ್ನೂ ಬಾಯಿಬಿಟ್ಟು ಓದಬೇಕು, ಅಂಕಿಯನ್ನು ಒಂದೊಂದಾಗಿ ಹೇಳಬೇಕು.

ಗಟ್ಟಿಯಾಗಿ ಓದುವುದರ ಗುಣ ಇಲ್ಲಿದೆ: ಕಣ್ಣಿಗೆ ಲ ಮತ್ತು ಳ ತಪ್ಪಿ ಹೋಗಬಹುದು, ಕಿವಿಗೆ ಹೋಗುವುದಿಲ್ಲ. ‘ಕಾಫಿ ಬೆಲೆ ಕುಸಿತ’ ಎಂದು ಒಬ್ಬರು ಓದುವಾಗ ಎದುರಿಗಿರುವವರ ಕಾಗದದಲ್ಲಿ ‘ಬೆಳೆ’ ಇದ್ದರೆ ಆ ಕ್ಷಣದಲ್ಲೇ ಅದು ಸಿಕ್ಕಿಬೀಳುತ್ತದೆ. ಕನ್ನಡ ಮಾತಾಡುವವರ ಕಿವಿಗೆ ಈ ಎರಡು ಅಕ್ಷರ ಬೇರೆ ಬೇರೆ ದನಿಗಳು. ಕರಡು ತಿದ್ದುವ ಆ ಹಳೆಯ ವ್ಯವಸ್ಥೆ ನಮ್ಮ ನುಡಿಯ ಸ್ವಭಾವಕ್ಕೆ ಸರಿಯಾಗಿ ಹೊಂದಿತ್ತು ಎಂದು ನನ್ನ ನಂಬಿಕೆ.

ಕಾನೂನು ಕೂಡ ಅವರ ಕೆಲಸವನ್ನು ಗೌರವಿಸಿತ್ತು. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ಪತ್ರಕರ್ತ ಎಂದರೆ ಯಾರು ಎಂದು ಹೇಳುವಾಗ ಸಂಪಾದಕ, ಉಪಸಂಪಾದಕ, ವರದಿಗಾರ, ವ್ಯಂಗ್ಯಚಿತ್ರಕಾರ, ಛಾಯಾಗ್ರಾಹಕರ ಜೊತೆಗೆ ಪ್ರೂಫ್ ರೀಡರನ್ನೂ ಹೆಸರಿಸಿತು. ಅಚ್ಚುಕೂಟದ ನೌಕರ ಎಂದು ಅವರನ್ನು ಪಕ್ಕಕ್ಕಿಡಲಿಲ್ಲ. ಸುದ್ದಿ ತರುವವರು, ಸುದ್ದಿ ತಿದ್ದುವವರು ಇಬ್ಬರೂ ಒಂದೇ ವೃತ್ತಿಯವರು ಎಂಬ ತಿಳಿವಳಿಕೆ ಆ ಸಾಲಿನಲ್ಲಿದೆ. ಕಂಪ್ಯೂಟರ್ ಬಂದು, ವರದಿಗಾರರು ಟೈಪ್ ಮಾಡಿದ್ದೇ ನೇರವಾಗಿ ಪುಟಕ್ಕೆ ಹೋಗುವಂತಾದಾಗ, ಮೊಳೆ ಜೋಡಿಸುವವರ ಜೊತೆಗೆ ಈ ಓದುವವರೂ ಬೇಡವಾದರು. ಮೊಳೆ ಹೋದದ್ದಕ್ಕೆ ಕಾರಣ ಇತ್ತು. ಓದುವವರು ಹೋದದ್ದಕ್ಕೆ ಉಳಿತಾಯ ಬಿಟ್ಟರೆ ಬೇರೆ ಕಾರಣ ನನಗೆ ಕಾಣುವುದಿಲ್ಲ.

ಇದು ಕನ್ನಡಕ್ಕೆ ಮಾತ್ರ ಬಂದ ಗತಿಯಲ್ಲ. ಲಂಡನ್ನಿನ ‘ದಿ ಗಾರ್ಡಿಯನ್’ ಎಂಥ ದೊಡ್ಡ ಪತ್ರಿಕೆ ಎಂಬುದನ್ನು ಹೇಳಬೇಕಿಲ್ಲ. ಅದರಲ್ಲಿ ಅಚ್ಚಿನ ತಪ್ಪುಗಳು ಎಷ್ಟು ಹೆಸರಾಗಿದ್ದವೆಂದರೆ ‘ಪ್ರೈವೇಟ್ ಐ’ ಎಂಬ ವಿಡಂಬನಾ ಪತ್ರಿಕೆ ಅದರ ಹೆಸರಿನ ಅಕ್ಷರಗಳನ್ನೇ ಹಿಂದುಮುಂದು ಮಾಡಿ ‘ಗ್ರೌನಿಯಾಡ್’ ಎಂದು ಕರೆಯಿತು. ಇಂಗ್ಲೆಂಡಿನಲ್ಲಿ ಆ ಅಡ್ಡಹೆಸರು ಇಂದಿಗೂ ಚಾಲ್ತಿಯಲ್ಲಿದೆ. ಆದರೆ ಆ ಪತ್ರಿಕೆ 1997ರಲ್ಲಿ ಒಂದು ಕೆಲಸ ಮಾಡಿತು. ಇಯಾನ್ ಮೇಯ್ಸ್ ಎಂಬವರನ್ನು ಓದುಗರ ಸಂಪಾದಕ ಎಂದು ನೇಮಿಸಿ, ತಪ್ಪುಗಳನ್ನು ತಿದ್ದಿ ಪ್ರಕಟಿಸುವ ಅಂಕಣವೊಂದನ್ನು ನಿತ್ಯವೂ, ಒಂದೇ ಜಾಗದಲ್ಲಿ ಕೊಡತೊಡಗಿತು. ಸಂಪಾದಕರ ಕೈಕೆಳಗಿಲ್ಲದೆ ಓದುಗರ ಪರವಾಗಿ ಪತ್ರಿಕೆಯನ್ನೇ ಪ್ರಶ್ನಿಸುವ ಅಧಿಕಾರ ಅವರಿಗಿತ್ತು. ನಮ್ಮಲ್ಲಿ ‘ದಿ ಹಿಂದೂ’ 2006ರಲ್ಲಿ ಕೆ. ನಾರಾಯಣನ್ ಅವರನ್ನು ನೇಮಿಸಿಕೊಂಡು ಇದೇ ದಾರಿ ಹಿಡಿಯಿತು.

ಅಮೆರಿಕದ ‘ನ್ಯೂಯಾರ್ಕ್ ಟೈಮ್ಸ್’ ಇದಕ್ಕೆ ಎದುರಿನ ದಿಕ್ಕಿಗೆ ಹೋಯಿತು. ಸುದ್ದಿಯನ್ನು ಹಲವರು ಒಬ್ಬರಾದ ಮೇಲೆ ಒಬ್ಬರು ಓದಿ ತಿದ್ದುವ ಅದರ ಕಾಪಿ ಡೆಸ್ಕ್ ಇಂಗ್ಲಿಷ್ ಪತ್ರಿಕಾಲೋಕಕ್ಕೇ ಮಾದರಿಯಾಗಿತ್ತು. 2017ರಲ್ಲಿ ಆಡಳಿತ ಅದನ್ನು ತೆಗೆದುಹಾಕಿ, ನೂರಕ್ಕೂ ಹೆಚ್ಚು ಜನರಿದ್ದ ಕಡೆ ಸರಿಸುಮಾರು ಅರ್ಧದಷ್ಟು ಮಂದಿಯನ್ನು ಮಾತ್ರ ಉಳಿಸಿಕೊಳ್ಳುವ ತೀರ್ಮಾನ ಮಾಡಿತು. ಓದುಗರ ಪರವಾಗಿ ವಿಮರ್ಶೆ ಮಾಡುತ್ತಿದ್ದ ಹುದ್ದೆಯನ್ನೂ ಅದೇ ಹೊತ್ತಿಗೆ ರದ್ದು ಮಾಡಿತು. ಜೂನ್ ಕೊನೆಯಲ್ಲಿ ಸಿಬ್ಬಂದಿ ಕಚೇರಿಯಿಂದ ಹೊರಗೆ ಬಂದು ನಿಂತಾಗ ಅವರ ಕೈಯಲ್ಲಿದ್ದ ಒಂದು ಫಲಕದಲ್ಲಿ ಬೇಕೆಂದೇ ಕಾಗುಣಿತ ತಪ್ಪಿಸಿ, ಇದನ್ನು ಯಾರೂ ತಿದ್ದಿಲ್ಲ ಎಂದು ಬರೆಯಲಾಗಿತ್ತು. ಅಷ್ಟು ದುಡ್ಡಿರುವ ಪತ್ರಿಕೆಯೇ ಹೀಗೆ ಮಾಡಿದರೆ, ಜಿಲ್ಲಾ ಪುಟಕ್ಕೆ ಒಬ್ಬರೇ ಉಪಸಂಪಾದಕರಿರುವ ಕಡೆ ಏನು ನಿರೀಕ್ಷಿಸಬೇಕು ಎಂದು ಕೇಳುವವರಿದ್ದಾರೆ. ಅದೇ ಪತ್ರಿಕೆ ಮಾಡಿದ ಇನ್ನೊಂದು ಕೆಲಸವನ್ನು ಅವರಿಗೆ ಹೇಳಬೇಕು.

ಸಾಲಮನ್ ನಾರ್ಥಪ್ ಸ್ವತಂತ್ರ ಕಪ್ಪು ಮನುಷ್ಯ. 1841ರಲ್ಲಿ ಅವನನ್ನು ಅಪಹರಿಸಿ ಗುಲಾಮನನ್ನಾಗಿ ಮಾರಿದರು. ಹನ್ನೆರಡು ವರ್ಷದ ಮೇಲೆ ಬಿಡುಗಡೆಯಾದಾಗ, 1853ರ ಜನವರಿ 20ರಂದು ನ್ಯೂಯಾರ್ಕ್ ಟೈಮ್ಸ್ ಅವನ ಸುದ್ದಿ ಬರೆಯಿತು, ಆದರೆ ಹೆಸರಿನ ಕಾಗುಣಿತ ತಪ್ಪಿತು. ಅವನ ಕತೆಯ ಸಿನಿಮಾ ಆಸ್ಕರ್ ಗೆದ್ದ ಎರಡು ದಿನಕ್ಕೆ, 2014ರ ಮಾರ್ಚ್ 4ರಂದು, ಓದುಗರೊಬ್ಬರು ಹಳೆಯ ಸುದ್ದಿಯಲ್ಲಿ ಈ ತಪ್ಪನ್ನು ತೋರಿಸಿದ ಮೇಲೆ ಪತ್ರಿಕೆ ತಿದ್ದುಪಡಿ ಪ್ರಕಟಿಸಿತು. ನಡುವೆ 161 ವರ್ಷ ಕಳೆದಿತ್ತು. ಮಾರಿದವರು ಅವನ ಹೆಸರನ್ನು ಕಿತ್ತುಕೊಂಡು ಬೇರೆ ಹೆಸರಿಟ್ಟಿದ್ದರು. ಆ ಮನುಷ್ಯನ ಹೆಸರು ಪತ್ರಿಕೆಯಲ್ಲಾದರೂ ಸರಿಯಾಗಿರಬೇಕಿತ್ತು. ತಡವಾದರೂ ತಿದ್ದಿದರು. ನಮ್ಮ ಪತ್ರಿಕೆಗಳಲ್ಲಿ ಹಿಂದಿನ ವಾರದ ಹೆಸರನ್ನು ಈ ವಾರ ತಿದ್ದಿ ಹಾಕುವುದು ಅಪರೂಪ.

ಈಗ ತಪ್ಪು ಹೇಗೆ ಹುಟ್ಟುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕೆ.ಪಿ. ರಾವ್ ರೂಪಿಸಿದ, ಮುಂದೆ ‘ನುಡಿ’ ತಂತ್ರಾಂಶದ ಮೂಲಕ ಮನೆಮಾತಾದ ಕೀಲಿಮಣೆಯಲ್ಲಿ ಲಕಾರಕ್ಕೂ ಳಕಾರಕ್ಕೂ ಒಂದೇ ಕೀಲಿ. ಸುಮ್ಮನೆ ಒತ್ತಿದರೆ ಲ, ಶಿಫ್ಟ್ ಹಿಡಿದು ಒತ್ತಿದರೆ ಳ. ನ ಮತ್ತು ಣ ಹಾಗೆಯೇ, ದ ಮತ್ತು ಧ ಹಾಗೆಯೇ, ಬ ಮತ್ತು ಭ ಹಾಗೆಯೇ. ಕನ್ನಡದ ದನಿಗಳ ಸಂಬಂಧ ಬಲ್ಲವರು ಮಾಡಿದ ಜಾಣ ಏರ್ಪಾಡು ಅದು. ಅದರಿಂದಲೇ ಸಾವಿರಾರು ಜನ ಬೇಗ ಟೈಪ್ ಕಲಿತರು. ಆದರೆ ರಾತ್ರಿ ಗಡುವಿಗೆ ಮುಂಚೆ, ಅವಸರದಲ್ಲಿ, ಕಿರುಬೆರಳು ಶಿಫ್ಟ್ ಮೇಲೆ ಸರಿಯಾಗಿ ಕೂರದಿದ್ದರೆ ಮಳೆ ‘ಮಲೆ’ಯಾಗುತ್ತದೆ, ಬಣಕಲ್ ಬನಕಲ್ ಆಗುತ್ತದೆ, ‘ಸಹಾಯಧನ’ ‘ಸಹಾಯದನ’ವಾಗುತ್ತದೆ. ಪದಪರೀಕ್ಷಕ ತಂತ್ರಾಂಶ ಇದ್ದರೂ ಬೆಲೆ, ಬೆಳೆ ಎರಡೂ ಸರಿಯಾದ ಪದಗಳೇ ಆಗಿರುವುದರಿಂದ ಅದು ಎರಡನ್ನೂ ಹಾಗೆಯೇ ಬಿಡುತ್ತದೆ. ಯಾವುದು ಈ ಸಾಲಿಗೆ ಸರಿ ಎಂಬುದು ಸುದ್ದಿಯ ಅರ್ಥ ಗೊತ್ತಿರುವವರಿಗೆ ಮಾತ್ರ ತಿಳಿಯುತ್ತದೆ.

ಹಳೆಯ ಫಾಂಟಿನಿಂದ ಯೂನಿಕೋಡಿಗೆ ಬದಲಾಯಿಸುವಾಗ ಆಗುವ ಹಾನಿ ಬೇರೆ. ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರುತ್ತದೆ, ಒತ್ತಕ್ಷರ ಕಳಚಿ ಬೀಳುತ್ತದೆ. ಇನ್ನೊಂದು ತಪ್ಪು ಕಣ್ಣಿಗೆ ಕಾಣುವುದೇ ಇಲ್ಲ: ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿ ಕೂತಿರುತ್ತದೆ. ‘ಸ೦ಸೆ’ ಎಂದು ಅಂಕಿಯ ಸೊನ್ನೆ ಹಾಕಿ ಬರೆದರೆ ಓದುವವರಿಗೆ ಸಂಸೆಯೇ. ಆದರೆ ಮುಂದೊಂದು ದಿನ ಕಳಸದ ಪಕ್ಕದ ಆ ಊರಿನ ಸುದ್ದಿಯನ್ನು ಪತ್ರಿಕೆಯ ಹಳೆಯ ಸಂಚಿಕೆಗಳಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ. ಅಚ್ಚಾಗಿದೆ, ದಾಖಲಾಗಿದೆ, ಆದರೂ ಇಲ್ಲ. ಕನ್ನಡದ ತಂತ್ರಾಂಶ ಸರಿಯಾಗಬೇಕೆಂದು ಮೂಡಿಗೆರೆಯಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿ ಕೊನೆಯ ವರ್ಷಗಳಲ್ಲಿ ಅಷ್ಟು ಹೋರಾಡಿದ್ದು ಸುಮ್ಮನೆ ಅಲ್ಲ. ಅಕ್ಷರ ಯಂತ್ರದೊಳಗೆ ಹೇಗೆ ಕೂರುತ್ತದೆ ಎಂಬುದರ ಮೇಲೆ ಅದರ ಬಾಳಿಕೆ ನಿಂತಿದೆ ಎಂದು ಅವರು ಬೇಗನೆ ಕಂಡಿದ್ದರು.

ಅಂಕಿಯ ತಪ್ಪು ಅಕ್ಷರದ ತಪ್ಪಿಗಿಂತ ಕ್ರೂರವಾದದ್ದು. ಅಕ್ಷರ ತಪ್ಪಿದರೆ ಓದುಗರಿಗೆ ಅನುಮಾನವಾದರೂ ಬರುತ್ತದೆ, ಅಂಕಿ ತಪ್ಪಿದರೆ ಬರುವುದಿಲ್ಲ. ನಮ್ಮ ಕಡೆ ಕಾಫಿ ಧಾರಣೆಯನ್ನು 50 ಕೆ.ಜಿ. ಮೂಟೆಯ ಲೆಕ್ಕದಲ್ಲಿ ಕೊಡುತ್ತಾರೆ: ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೊಬಸ್ಟಾ ಪಾರ್ಚ್‌ಮೆಂಟ್, ರೊಬಸ್ಟಾ ಚೆರಿ ಎಂದು ನಾಲ್ಕು ಸಾಲು. ಒಂದು ಸಾಲಿನ ಅಂಕಿ ಕೆಳಗಿನ ಸಾಲಿಗೆ ಇಳಿದರೆ ಪುಟ ನೋಡುವುದಕ್ಕೆ ಅಚ್ಚುಕಟ್ಟಾಗಿಯೇ ಇರುತ್ತದೆ. ಮಳೆಯ ಲೆಕ್ಕದಲ್ಲಿ ಗೊಂದಲ ಇನ್ನೂ ಹೆಚ್ಚು. ತೋಟದವರು ಇಂಚು, ಸೆಂಟ್ಸ್ ಎಂದು ಮಾತಾಡುತ್ತಾರೆ, 100 ಸೆಂಟ್ಸ್ ಒಂದು ಇಂಚು. ಪತ್ರಿಕೆಯ ಜಿಲ್ಲಾ ಪುಟ ಮಿಲಿಮೀಟರಿನಲ್ಲಿ ಕೊಡುತ್ತದೆ. ಹವಾಮಾನ ಇಲಾಖೆಯ ರಾಜ್ಯದ ಸುದ್ದಿ ಸೆಂಟಿಮೀಟರಿನಲ್ಲಿ ಬರುತ್ತದೆ. ‘ಸೆಂ.’ ಎಂದು ಮೊಟಕುಗೊಳಿಸಿದರೆ ಅದು ಸೆಂಟ್ಸೋ ಸೆಂಟಿಮೀಟರೋ? ಎಂಟು ಸೆಂಟಿಮೀಟರ್ ಮಳೆಯೆಂದರೆ ಮೂರು ಇಂಚಿಗೂ ಮೇಲೆ, ಹಳ್ಳ ತುಂಬಿ ಬರುವ ಮಳೆ. ಎಂಟು ಮಿಲಿಮೀಟರ್ ಎಂದರೆ ಎಲೆಯ ಧೂಳು ತೊಳೆಯುವಷ್ಟು. ಹೂಮಳೆಯ ಕಾಲದಲ್ಲಿ ಬೆಂಗಳೂರಿನಲ್ಲಿರುವ ತೋಟದ ಮಾಲೀಕರು ಆ ಅಂಕಿಯನ್ನು ನೋಡಿಯೇ ಸ್ಪ್ರಿಂಕ್ಲರ್ ಹಚ್ಚಬೇಕೋ ಬೇಡವೋ ಎಂದು ಫೋನಿನಲ್ಲಿ ಹೇಳುತ್ತಾರೆ.

ಔಷಧದ ಪ್ರಮಾಣವೂ ಹೀಗೆಯೇ. ಶೇ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಕಾಫಿಯ ಎಲೆತುಕ್ಕು ರೋಗಕ್ಕೆ ಹೇಳುವುದು ಅದರ ಅರ್ಧ, ಶೇ 0.5. ಆ ಬಿಂದು ಬಿದ್ದುಹೋಗಿ ‘ಶೇ 05’ ಎಂದಾದರೆ ಹತ್ತು ಪಟ್ಟು. ಅನುಭವ ಇರುವವರು ನಕ್ಕು ಬಿಟ್ಟುಬಿಡುತ್ತಾರೆ, ಹೊಸದಾಗಿ ಎರಡೆಕರೆ ತೋಟ ಹಿಡಿದವರು ಹಾಗೆಯೇ ಕಲಸುತ್ತಾರೆ. ಕಾಂಡಕೊರಕ, ಕಾಯಿಕೊರಕ ಎಂಬ ಎರಡು ಹುಳುಗಳನ್ನು ಅದಲುಬದಲು ಮಾಡಿದರೂ ಅಷ್ಟೇ ನಷ್ಟ, ಎರಡರ ಮದ್ದೂ ಕಾಲವೂ ಬೇರೆ. ಕಾಫಿಯ ಕೊಳೆರೋಗದ ಶಿಲೀಂಧ್ರಕ್ಕೆ ಇಂಗ್ಲೆಂಡಿನ ವಿಜ್ಞಾನಿ ಎಂ.ಸಿ. ಕುಕ್ 1876ರಲ್ಲಿ ‘ಪೆಲಿಕುಲೇರಿಯ ಕೊಲೆರೋಗ’ ಎಂದು ಹೆಸರಿಟ್ಟರು. ಮೈಸೂರು ಸೀಮೆಯ ಬೆಳೆಗಾರರ ಬಾಯಿಮಾತು ಜಗತ್ತಿನ ವಿಜ್ಞಾನದ ಹೆಸರಾಯಿತು. ಅಲ್ಲಿಯೂ ಳಕಾರ ಉಳಿಯಲಿಲ್ಲ ಎಂಬುದು ಬೇರೆ ಮಾತು. ಆದರೆ ಅಷ್ಟು ದೂರ ಹೋದ ಮಾತನ್ನು ಇಲ್ಲಿಗೆ ವಾಪಸು ತರುವಾಗ ನಾವೇ ಕೊಳೆಯನ್ನು ಕೊಲೆ ಮಾಡಬಾರದು.

2019ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿದಾಗ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಊರುಗಳ ಹೆಸರು ಇದ್ದಕ್ಕಿದ್ದಂತೆ ರಾಜ್ಯದ ಸುದ್ದಿಯಾಯಿತು. ಚಾರ್ಮಾಡಿ ಘಾಟಿ ಮುಚ್ಚಿತ್ತು, ಕರೆಂಟಿರಲಿಲ್ಲ, ಫೋನು ಸಿಗುತ್ತಿರಲಿಲ್ಲ. ದೂರದ ಊರುಗಳಲ್ಲಿದ್ದ ಮಕ್ಕಳು, ನೆಂಟರು ತಮ್ಮ ಊರಿನ ಹೆಸರು ಪಟ್ಟಿಯಲ್ಲಿದೆಯೋ ಎಂದು ಪತ್ರಿಕೆ, ಟೀವಿ ನೋಡುತ್ತಿದ್ದರು. ಇಂಗ್ಲಿಷಿನಲ್ಲಿ ಮಲೆಮನೆಗೂ ಮಳೆಮನೆಗೂ ವ್ಯತ್ಯಾಸ ಇಲ್ಲ. ಅಂಥ ಹೊತ್ತಿನಲ್ಲಿ ಹೆಸರಿನ ಒಂದಕ್ಷರಕ್ಕೆ ಎಷ್ಟು ತೂಕ ಇರುತ್ತದೆ ಎಂಬುದು ಕಾದು ಕೂತವರಿಗೆ ಗೊತ್ತು. ಆಮೇಲೆ ಪರಿಹಾರದ ಪಟ್ಟಿ, ಪ್ರಕಟಣೆ, ಜಮೀನಿನ ನೋಟಿಸು ಎಲ್ಲವೂ ಪತ್ರಿಕೆಯಲ್ಲಿ ಬರುತ್ತವೆ. ಭೂಸ್ವಾಧೀನದ ಪ್ರಾಥಮಿಕ ಅಧಿಸೂಚನೆ ಸ್ಥಳೀಯವಾಗಿ ಓದುವ ಪತ್ರಿಕೆಗಳಲ್ಲಿ ಪ್ರಕಟವಾಗಬೇಕು, ಅದರಲ್ಲೊಂದು ಪ್ರಾದೇಶಿಕ ಭಾಷೆಯದಾಗಿರಬೇಕು ಎಂದು 2013ರ ಕಾನೂನು ಹೇಳುತ್ತದೆ. ಕಾನೂನೇ ಪತ್ರಿಕೆಯನ್ನು ದಾಖಲೆಯಾಗಿ ನಂಬಿರುವಾಗ ಪತ್ರಿಕೆ ತನ್ನನ್ನು ನಾಳೆ ರದ್ದಿಗೆ ಹೋಗುವ ಕಾಗದ ಎಂದುಕೊಳ್ಳುವುದು ಸರಿಯಲ್ಲ.

ಕಾಗುಣಿತದ ಮಾತೆತ್ತಿದ ಕೂಡಲೇ ಬರುವ ಒಂದು ಆಕ್ಷೇಪವನ್ನು ನಾನು ಗೌರವದಿಂದ ಕೇಳಿಸಿಕೊಳ್ಳುತ್ತೇನೆ. ಶುದ್ಧ ಅಶುದ್ಧ ಎಂದು ಹೇಳಿ ಜನರ ಬಾಯಿ ಮುಚ್ಚಿಸಿದ ಇತಿಹಾಸ ನಮ್ಮಲ್ಲಿದೆ. ಅಕಾರ ಹಕಾರ ಬದಲಾದರೆ ನಗುವುದು, ಮಹಾಪ್ರಾಣ ಬಾರದವರನ್ನು ಕೀಳಾಗಿ ನೋಡುವುದು ಅನ್ಯಾಯ. ಬಹುಪಾಲು ಕನ್ನಡಿಗರ ಮಾತಿನಲ್ಲಿ ಮಹಾಪ್ರಾಣ ಇಲ್ಲವೆಂದ ಮೇಲೆ ಬರಹದಲ್ಲೂ ಅದು ಬೇಡ ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದಿಸಿದರು. ‘ಪ್ರಶಸ್ತಿ ಪ್ರದಾನ’ ‘ಪ್ರಶಸ್ತಿ ಪ್ರಧಾನ’ವಾದರೆ, ‘ಜಾತ್ಯತೀತ’ ‘ಜಾತ್ಯಾತೀತ’ವಾದರೆ ವೃತ್ತಿಯವರು ತಿದ್ದಿಕೊಳ್ಳಲಿ ಎನ್ನುತ್ತೇನೆ, ಆದರೆ ಅದಕ್ಕಾಗಿ ನಿದ್ದೆಗೆಡುವುದಿಲ್ಲ. ಳಕಾರದ ವಿಷಯ ಹಾಗಲ್ಲ. ಅದು ಯಾವ ಪಂಡಿತರದೂ ಅಲ್ಲ. ತೋಟದ ಸಾಹುಕಾರರೂ ಕಾಫಿ ಕೊಯ್ಯುವವರೂ ಅದನ್ನು ಒಂದೇ ರೀತಿ ಸ್ಪಷ್ಟವಾಗಿ ಹೇಳುತ್ತಾರೆ. ಲೈನ್‌ಮನೆಗಳಲ್ಲಿರುವ ತಮಿಳು, ಮಲಯಾಳ ಮನೆಮಾತಿನವರಿಗೂ ಅದು ಹುಟ್ಟಿನಿಂದ ಬಂದ ದನಿ. ಹದಿಮೂರನೇ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಱ, ೞ ಅಕ್ಷರಗಳಿರುವ ಪದಗಳನ್ನು ಗುರುತಿಸಿ ಹೇಳಬೇಕಾಯಿತು, ಏಕೆಂದರೆ ಆ ದನಿಗಳು ಜನರ ಬಾಯಿಂದಲೇ ಮರೆಯಾಗುತ್ತಿದ್ದವು. ಅವು ಹೋದವು, ಭಾಷೆ ತನ್ನ ದಾರಿಯಲ್ಲಿ ನಡೆಯಿತು. ಇಂದು ಳ ಯಾರ ಬಾಯಿಂದಲೂ ಹೋಗುತ್ತಿಲ್ಲ. ಅದು ಕಳೆದುಹೋಗುತ್ತಿರುವುದು ಸುದ್ದಿ ಸಾಗುವ ದಾರಿಯಲ್ಲಿ. ಜನ ಸರಿಯಾಗಿ ಹೇಳುವುದನ್ನು ಪತ್ರಿಕೆ ತಪ್ಪಾಗಿ ಬರೆದರೆ ತಿದ್ದಿಕೊಳ್ಳಬೇಕಾದದ್ದು ಪತ್ರಿಕೆ.

ವರದಿಗಾರರ ಮೇಲೆ ಇದನ್ನು ಹೊರಿಸುವುದಕ್ಕೆ ನಾನು ಒಪ್ಪುವುದಿಲ್ಲ. ಹೋಬಳಿ ಮಟ್ಟದ ವರದಿಗಾರರು ಬಹುಪಾಲು ಬಿಡಿ ಸುದ್ದಿಗೆ ದುಡಿಯುವವರು. ಅಂಗಡಿಯೋ ಏಜೆನ್ಸಿಯೋ ಇಟ್ಟುಕೊಂಡು, ಸಿಗ್ನಲ್ ಸಿಗುವ ಕಡೆ ಬೈಕ್ ನಿಲ್ಲಿಸಿ ಮೊಬೈಲಿನಲ್ಲೇ ಟೈಪ್ ಮಾಡಿ ಕಳಿಸುತ್ತಾರೆ. ಅವರಿಗೆ ಊರಿನ ಹೆಸರು ಸರಿಯಾಗಿ ಗೊತ್ತು. ಡೆಸ್ಕ್‌ನವರಿಗೆ ವ್ಯಾಕರಣ ಗೊತ್ತು, ಊರು ಗೊತ್ತಿಲ್ಲ. ಈ ಇಬ್ಬರ ನಡುವೆ ಒಮ್ಮೆ ಮಾತು ನಡೆಯಲು ಬಿಡುವಿಲ್ಲದಂತೆ ಕೆಲಸ ಕಟ್ಟಿಟ್ಟಿರುವುದೇ ತೊಂದರೆ. ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಯಂತ್ರ ಎಷ್ಟೇ ಬೀಜ ವಿಂಗಡಿಸಿದರೂ ಕರಿಬೀಜ ಉಳಿದಿದೆಯೇ ಎಂದು ಕೈಯಾಡಿಸಿ ನೋಡುವ ಹೆಂಗಸರನ್ನು ನಂಬಿಯೇ ಮೂಟೆ ಹೊಲಿಯುತ್ತಿದ್ದರು. ಪುಟಕ್ಕೂ ಅಂಥ ಕೈ ಬೇಕು.

ಭಾರತೀಯ ಪತ್ರಿಕಾ ಮಂಡಳಿಯ ನಿಯಮಗಳ ಪ್ರಕಾರ ತಪ್ಪು ಗೊತ್ತಾದ ಕೂಡಲೇ, ಯಾರೂ ಕೇಳದಿದ್ದರೂ, ಎದ್ದುಕಾಣುವಂತೆ ತಿದ್ದುಪಡಿ ಪ್ರಕಟಿಸಬೇಕು. ಕನ್ನಡ ಓದುಗರು ಇಂಥ ಅಂಕಣ ಓದುವುದಿಲ್ಲ ಎಂಬ ನೆಪ ನಿಲ್ಲುವುದಿಲ್ಲ. ಜಿ. ವೆಂಕಟಸುಬ್ಬಯ್ಯನವರು 1991ರಿಂದ ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಬರೆದಾಗ, ಒಂದು ಪದದ ರೂಪ ಯಾವುದು ಸರಿ ಎಂದು ಹಳ್ಳಿಹಳ್ಳಿಯಿಂದ ಪತ್ರ ಬರೆದು ಕೇಳಿದವರು ಇದೇ ಓದುಗರು. ಜಿಲ್ಲಾ ಪುಟದ ಒಂದು ಮೂಲೆಯಲ್ಲಿ ‘ನಿನ್ನೆ ಕಲಸ ಎಂದು ಅಚ್ಚಾಗಿದೆ, ಕಳಸ ಎಂದಿರಬೇಕು’ ಎಂಬ ಎರಡು ಸಾಲು ಬಂದರೆ ಪತ್ರಿಕೆಯ ಮೇಲಿನ ನಂಬಿಕೆ ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ.

ಅದಕ್ಕೂ ಮೊದಲು ಆಗಬಹುದಾದ ಕೆಲಸ ಇನ್ನೂ ಸುಲಭದ್ದು. ಮೂಡಿಗೆರೆ, ಕಳಸ ತಾಲ್ಲೂಕುಗಳ ಊರು, ಹಳ್ಳ, ಗುಡ್ಡ, ಎಸ್ಟೇಟುಗಳ ಹೆಸರನ್ನು ಊರಿನವರು ಹೇಳುವ ಹಾಗೆ ಕನ್ನಡದಲ್ಲಿ, ಎದುರಿಗೆ ಇಂಗ್ಲಿಷಿನಲ್ಲಿ ಬರೆದ ಒಂದು ಪಟ್ಟಿ. ಗ್ರಾಮ ಪಂಚಾಯಿತಿಗಳ ದಾಖಲೆ, ಶಾಲಾ ಮಾಸ್ತರರು, ಪೋಸ್ಟ್‌ಮ್ಯಾನ್‌ಗಳು, ವರದಿಗಾರರು ಸೇರಿದರೆ ಒಂದು ತಿಂಗಳಿನೊಳಗೆ ಆಗುತ್ತದೆ. ಹಾಸನ, ಮಂಗಳೂರು, ಶಿವಮೊಗ್ಗ, ಬೆಂಗಳೂರು, ಎಲ್ಲೆಲ್ಲಿ ನಮ್ಮ ಜಿಲ್ಲೆಯ ಪುಟ ಕಟ್ಟುತ್ತಾರೋ ಅಲ್ಲೆಲ್ಲ ಅದು ಮೇಜಿನ ಮೇಲಿರಬೇಕು, ಕಂಪ್ಯೂಟರಿನಲ್ಲೂ ಇರಬೇಕು. ಪಟ್ಟಿಯಲ್ಲಿಲ್ಲದ ಹೆಸರು ಬಂದರೆ ಆ ಕಡೆಯ ವರದಿಗಾರರಿಗೆ ಫೋನು ಮಾಡಿ ಕೇಳುವ ಐದು ನಿಮಿಷ ರಾತ್ರಿಯ ಗಡುವಿನೊಳಗೇ ಲೆಕ್ಕಕ್ಕೆ ಬರಬೇಕು. ಆ ಫೋನು ಮಾಡುವವರಿಗೆ ಬೇರೆ ಸಂಬಳ, ಬೇರೆ ಕುರ್ಚಿ ಕೊಡುವ ತೀರ್ಮಾನ ಪತ್ರಿಕೆಯ ಮಾಲೀಕರು ಮಾಡಬೇಕು.